ಏಳು ಜನ, ಒಂದು ಕೌದಿ: ಗುಂಪಿನಲ್ಲಿ ಕೌದಿ ಹೊಲಿಯುವವರಿಗೆ ಸಮಗ್ರ ಮಾರ್ಗದರ್ಶಿ

ಒಬ್ಬರೇ ಕೂತು ಹೊಲಿದ ಕೌದಿ ಸ್ವಲ್ಪ ಸೊಟ್ಟಗಾದರೂ ನಡೆಯುತ್ತದೆ. ಆ ಕೈಯ ಸೊಟ್ಟು ಈ ಮೂಲೆಯಿಂದ ಆ ಮೂಲೆವರೆಗೆ ಒಂದೇ ಥರ ಇರುವುದರಿಂದ ಕಣ್ಣಿಗೆ ಹೊಂದಿಕೊಂಡುಬಿಡುತ್ತದೆ. ಏಳು ಜನ ಏಳು ಮನೆಗಳಲ್ಲಿ ಹೊಲಿದ ಚೌಕಗಳನ್ನು ತಂದು ಜೋಡಿಸಲು ಕೂತಾಗ ಮಾತ್ರ ನಿಜ ಹೊರಬೀಳುತ್ತದೆ: ಒಬ್ಬರ ಚೌಕ ಹನ್ನೆರಡೂವರೆ ಅಂಗುಲ, ಇನ್ನೊಬ್ಬರದು ಹದಿಮೂರೂ ಕಾಲು, ಮತ್ತೊಬ್ಬರದು ಚೌಕವೇ ಅಲ್ಲ. ಗುಂಪಿನ ಕೌದಿ ಕೆಡುವುದು ಯಾರಿಗೋ ಹೊಲಿಗೆ ಬಾರದ್ದಕ್ಕಲ್ಲ, ಅಳತೆ ಒಂದಾಗದ್ದಕ್ಕೆ. ಹಾಗಾಗಿ ಇಲ್ಲಿ ಸೂಜಿಗಿಂತ ಅಳತೆಪಟ್ಟಿಯ ಮಾತೇ ಹೆಚ್ಚು.

ದಾವಣಗೆರೆ, ಚಿತ್ರದುರ್ಗದ ಹಳ್ಳಿಗಳಲ್ಲಿ ಹೊಲದ ಕೆಲಸಕ್ಕೆ ಒಬ್ಬರಿಗೊಬ್ಬರು ಸರದಿಯಂತೆ ಆಳಾಗಿ ಹೋಗುವ ಮುಯ್ಯಾಳು ಪದ್ಧತಿ ಗೊತ್ತಿರುವವರಿಗೆ ಇದರ ವ್ಯವಸ್ಥೆ ಬಿಡಿಸಿ ಹೇಳಬೇಕಾಗಿಲ್ಲ. ಈ ಸಲ ಎಲ್ಲರೂ ಸೇರಿ ಒಬ್ಬರ ಕೌದಿ, ಮುಂದಿನ ಸಲ ಇನ್ನೊಬ್ಬರದು. ಸ್ತ್ರೀಶಕ್ತಿ ಸಂಘದವರಂತೆ ವಾರಕ್ಕೊಮ್ಮೆ ಹೇಗೂ ಸೇರುವ ಗುಂಪಾದರೆ ಇನ್ನೂ ಸಲೀಸು. ಯಾರ ಕೌದಿ ಮೊದಲು ಎನ್ನುವುದಕ್ಕೆ ಮೊದಲ ದಿನವೇ ಚೀಟಿ ಎತ್ತಿಬಿಡಿ. ಬಣ್ಣ ಚೆನ್ನಾಗಿ ಬಂದ ಮೇಲೆ ಚೀಟಿ ಎತ್ತಲು ಹೋದರೆ ಜಗಳ ಖಂಡಿತ.

ಲೆಕ್ಕ

ಹೊದೆಯುವ ಕೌದಿಗೆ 5 ಅಡಿ ಅಗಲ, 7 ಅಡಿ ಉದ್ದ ಸರಿಯಾದ ಅಳತೆ. ಒಂದು ಅಡಿಯ ಚೌಕಗಳಾದರೆ ಅಡ್ಡಕ್ಕೆ 5, ಉದ್ದಕ್ಕೆ 7, ಒಟ್ಟು 35. ಏಳು ಜನ ತಲಾ 6 ಹೊಲಿದರೆ 42 ಆಗುತ್ತವೆ. ಮಿಕ್ಕ 7 ದಂಡವಲ್ಲ, ಅವುಗಳ ಉಪಯೋಗ ಕೊನೆಗೆ ಬರುತ್ತದೆ.

ಒಂದು ಚೌಕಕ್ಕೆ 7 ಅಂಗುಲದ ನಾಲ್ಕು ತುಂಡು. ಹೊಲಿಗೆಯ ಮಾರ್ಜಿನ್ ಎಲ್ಲೆಡೆ ಅರ್ಧ ಅಂಗುಲ. ಎರಡು ತುಂಡು ಜೋಡಿಸಿದಾಗ 14 ಅಂಗುಲದಲ್ಲಿ ಒಂದು ಅಂಗುಲ ಹೊಲಿಗೆಗೆ ಹೋಗಿ 13 ಉಳಿಯುತ್ತದೆ. ಆ ಚೌಕವನ್ನು ಪಕ್ಕದ್ದಕ್ಕೆ ಸೇರಿಸಿದಾಗ ಇನ್ನೊಂದು ಅಂಗುಲ ಹೋಗಿ ಕಣ್ಣಿಗೆ ಕಾಣುವುದು 12. ಹೊಸ ಬಟ್ಟೆಗೆ ಕಾಲು ಅಂಗುಲ ಮಾರ್ಜಿನ್ ಸಾಕು. ಹಳೆ ಸೀರೆಗೆ ಸಾಲದು, ನಾಲ್ಕು ಸಲ ಒಗೆಯುವಷ್ಟರಲ್ಲಿ ಎಳೆ ಬಿಚ್ಚಿ ಹೊಲಿಗೆಯೇ ಜಾರುತ್ತದೆ.

ತುಂಡುಗಳು ಒಟ್ಟು 168, ಅಂದರೆ ತಲೆಗೆ 24. ಒಬ್ಬೊಬ್ಬರು ಒಂದೊಂದು ಹತ್ತಿ ಸೀರೆ ತರಲಿ. 45 ಅಂಗುಲದ ಪನ್ನದಲ್ಲಿ, ಅಂದರೆ ಸೀರೆಯ ಅಗಲದಲ್ಲಿ, ಎರಡೂ ಕಡೆ ದಡಿ ಬಿಟ್ಟು ಅಡ್ಡಕ್ಕೆ ಐದು ತುಂಡು ಬರುತ್ತವೆ, ಐದು ಸಾಲಿಗೆ 25. ಇದಕ್ಕೆ ಬೇಕಾದ್ದು ಎರಡು ಮೊಳ ಗಟ್ಟಿ ಬಟ್ಟೆ ಮಾತ್ರ. ಉಳಿದ ಐದು ಗಜ ಒಳಪದರಕ್ಕೆ, ಅಡಿಬಟ್ಟೆಗೆ, ಅಂಚಿನ ಪಟ್ಟಿಗೆ. ಏಳು ಸೀರೆಯಲ್ಲಿ ಇಡೀ ಕೌದಿ ಮುಗಿದು ಇನ್ನೂ ಬಟ್ಟೆ ಮಿಗುತ್ತದೆ. ಕೊಳ್ಳಬೇಕಾದ್ದು ದಾರ ಮತ್ತು ಸೂಜಿ ಮಾತ್ರ.

ಯಾವ ಬಟ್ಟೆ ಒಳಗೆ ಬರಬೇಕು, ಯಾವುದು ಬರಬಾರದು

ಹತ್ತಿ ಗಿರಣಿಗಳ ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯಲ್ಲೂ ಈಗ ಹಳೆ ಟ್ರಂಕು ತೆಗೆದರೆ ಅರ್ಧಕ್ಕರ್ಧ ಪಾಲಿಯೆಸ್ಟರ್. ಉಡಿ ತುಂಬಿದಾಗ ಬಂದ ರವಿಕೆ ಕಣಗಳ ಗಂಟಂತೂ ಪ್ರತಿ ಮನೆಯಲ್ಲಿದೆ. ಅವನ್ನೆಲ್ಲ ಕೌದಿಗೆ ಹಾಕಿ ಖಾಲಿ ಮಾಡೋಣ ಅನಿಸುವುದು ಸಹಜ. ಮೊದಲು ಸುಟ್ಟು ನೋಡಿ. ಅಂಚಿನಿಂದ ನಾಲ್ಕು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲಿನ ಮೇಲೆ ಕಡ್ಡಿ ಗೀರಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮುಟ್ಟಿದರೆ ಪುಡಿಯಾಗುವ ಬೂದಿ ಉಳಿಯುತ್ತದೆ. ಕರಗಿ ಗಟ್ಟಿ ಮಣಿಯಂತಾದರೆ ಪಾಲಿಯೆಸ್ಟರ್. ಪಾಲಿಯೆಸ್ಟರ್ ಬೆವರು ಹೀರುವುದಿಲ್ಲ, ಇಸ್ತ್ರಿಗೆ ಮಡಿಕೆ ನಿಲ್ಲುವುದಿಲ್ಲ, ಪಕ್ಕದ ಹತ್ತಿ ಸವೆದು ಹೋದ ಮೇಲೂ ತಾನು ಗಟ್ಟಿಯಾಗಿ ನಿಂತು ಅದನ್ನು ಜಗ್ಗುತ್ತದೆ. ಅಂಥ ಕಣಗಳಿಂದ ಬೇರೆಯೇ ಚೀಲ ಹೊಲಿಯಿರಿ.

ಮೊಳಕಾಲ್ಮೂರಿನ ರೇಷ್ಮೆ ಸೀರೆಯ ದಡಿ ಎಷ್ಟೇ ಚೆಂದವಿದ್ದರೂ ದಿನಾ ಹೊದೆಯುವ ಕೌದಿಗೆ ಬೇಡ. ರೇಷ್ಮೆಯೂ ಹತ್ತಿಯೂ ಒಗೆತಕ್ಕೆ ಒಂದೇ ರೀತಿ ಕುಗ್ಗುವುದಿಲ್ಲ, ಜರಿ ಉಜ್ಜಿ ಉಜ್ಜಿ ಪಕ್ಕದ ಬಟ್ಟೆಯನ್ನು ತಿನ್ನುತ್ತದೆ. ಚಳ್ಳಕೆರೆ ಕಡೆಯವರಿಗೆ ಹಳೆ ಕಂಬಳಿಯನ್ನು ಒಳಪದರ ಮಾಡುವ ಆಸೆ ಬರಬಹುದು. ಬೆಚ್ಚಗಿರುತ್ತದೆ ನಿಜ. ಆದರೆ ಉಣ್ಣೆ ನೀರಿನಲ್ಲಿ ಉಜ್ಜಿದಾಗ ಗಂಟುಕಟ್ಟಿ ಕುಗ್ಗುತ್ತದೆ, ಮೇಲಿನ ಹತ್ತಿ ಕುಗ್ಗುವುದಿಲ್ಲ. ಒಂದೇ ಒಗೆತಕ್ಕೆ ಕೌದಿಯ ಮೈತುಂಬ ಗುಳ್ಳೆ.

ಹಳೆ ಸೀರೆ ಎಲ್ಲ ಕಡೆ ಒಂದೇ ಸಮ ಸವೆದಿರುವುದಿಲ್ಲ. ಹಿಮ್ಮಡಿಗೆ ಉಜ್ಜುವ ಕೆಳ ಅಂಚು, ಸೊಂಟಕ್ಕೆ ಸಿಕ್ಕಿಸುವ ಭಾಗ ಮೊದಲು ಹೋಗುತ್ತವೆ. ಸೆರಗಿನ ಕಡೆ ಸಾಮಾನ್ಯವಾಗಿ ಗಟ್ಟಿ. ಬೆಳಕಿಗೆ ಹಿಡಿದು ನೋಡಿ, ಆಮೇಲೆ ಎರಡು ಹೆಬ್ಬೆರಳು ಒತ್ತಿ ಜಗ್ಗಿ. ಎಳೆ ಸರಿದು ಜಾಲರಿಯಂತೆ ಕಂಡರೆ ಆ ಭಾಗ ಒಳಪದರಕ್ಕೆ. ಪರ್‍ರ್ ಎಂದು ಸೀಳಿದರೆ ನೆಲ ಒರೆಸಲಿಕ್ಕೆ. ‘ಅಮ್ಮನ ಸೀರೆ, ಹೇಗಾದರೂ ಹಾಕಿ’ ಎನ್ನುವವರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಅಂಥ ಬಟ್ಟೆಯ ಹಿಂದೆ ತೆಳುವಾದ ಗಟ್ಟಿ ಹತ್ತಿ ಬಟ್ಟೆ ಇಟ್ಟು ಎರಡನ್ನೂ ಒಂದೇ ತುಂಡಾಗಿ ಕತ್ತರಿಸಿದರೆ ಸೀರೆಯೂ ಉಳಿಯುತ್ತದೆ, ಮನಸ್ಸೂ ಉಳಿಯುತ್ತದೆ.

ಟೈಲರ್ ಅಂಗಡಿಯಿಂದ ತಂದ ಹೊಸ ತುಂಡುಬಟ್ಟೆಯನ್ನು ಒಗೆಯದೆ ಕತ್ತರಿಸಬಾರದು. ಹೊಸ ಹತ್ತಿ ನೂರಕ್ಕೆ 3ರಿಂದ 5ರಷ್ಟು ಕುಗ್ಗುತ್ತದೆ. ಒಂದು ಅಡಿಗೆ ಅರ್ಧ ಅಂಗುಲ ಅಂದುಕೊಳ್ಳಿ. ಹತ್ತು ವರ್ಷ ಒಗೆಸಿಕೊಂಡ ಸೀರೆ ಕುಗ್ಗುವುದನ್ನು ಎಂದೋ ಮುಗಿಸಿರುತ್ತದೆ. ಎರಡನ್ನೂ ಪಕ್ಕಪಕ್ಕ ಹೊಲಿದರೆ ಹೊಸದು ಕುಗ್ಗಿ ಹಳೆಯದನ್ನು ನೆರಿಗೆಗಟ್ಟಿಸುತ್ತದೆ. ಕೆಂಪು, ಕಡುನೀಲಿ, ಕಪ್ಪು ಬಟ್ಟೆಗಳನ್ನು ಒದ್ದೆ ಮಾಡಿ, ಬಿಳಿ ಬಟ್ಟೆಯ ನಡುವೆ ಇಟ್ಟು ಇಸ್ತ್ರಿ ಒತ್ತಿ. ಬಿಳಿಗೆ ಬಣ್ಣ ಹತ್ತಿದರೆ ಮತ್ತೆ ಮತ್ತೆ ಒಗೆಯಿರಿ, ಆಗಲೂ ಬಿಡುತ್ತಿದ್ದರೆ ಬೇರೆ ಬಟ್ಟೆ ಹುಡುಕಿ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎನ್ನುವುದು ಅಂಗಡಿಯ ಬಣ್ಣದ ಬಟ್ಟೆಗೆ ಆಗಿಬರುವ ಮಾತಲ್ಲ.

ಒಂದೇ ಅಚ್ಚು, ಒಂದೇ ಪಟ್ಟಿ

ರಟ್ಟಿನ ಅಚ್ಚು ಬೇಡ. ಇಪ್ಪತ್ತು ಸಲ ಸೀಮೆಸುಣ್ಣ ಎಳೆಯುವಷ್ಟರಲ್ಲಿ ಅದರ ಮೂಲೆ ಸವೆಯುತ್ತದೆ. ತಗಡಿನದೋ ಗಟ್ಟಿ ಪ್ಲಾಸ್ಟಿಕ್ಕಿನದೋ 7 ಅಂಗುಲದ ಚೌಕಗಳನ್ನು ಒಂದೇ ಸ್ಟೀಲ್ ಸ್ಕೇಲಿನಲ್ಲಿ ಅಳೆದು ಏಳು ಮಾಡಿಸಿ, ಒಂದರ ಮೇಲೊಂದು ಪೇರಿಸಿ ಅಂಚುಗಳು ಸರಿಯಾಗಿ ಕೂಡುತ್ತವೆಯೇ ನೋಡಿ ಹಂಚಿ. ಗೆರೆಯನ್ನು ಅಚ್ಚಿಗೆ ತಾಗಿಸಿಯೇ ಎಳೆಯಬೇಕು, ಕತ್ತರಿ ಗೆರೆಯ ಒಳಮಗ್ಗುಲಲ್ಲೇ ಓಡಬೇಕು. ಗಾಢ ಬಣ್ಣದ ಬಟ್ಟೆಗೆ ತೆಳ್ಳಗಾದ ಸೋಪಿನ ಚೂರು ಸೀಮೆಸುಣ್ಣಕ್ಕಿಂತ ವಾಸಿ. ಬಾಲ್‌ಪೆನ್ ಮುಟ್ಟಲೇಬೇಡಿ. ಟೈಲರ್ ಟೇಪುಗಳು ಹಳೆಯದಾದಷ್ಟೂ ಜಗ್ಗಿ ಉದ್ದವಾಗುತ್ತವೆ. ಏಳು ಮನೆಯ ಏಳು ಟೇಪುಗಳನ್ನು ಪಕ್ಕಪಕ್ಕ ಬಿಚ್ಚಿ ಹಿಡಿದರೆ ಗೊತ್ತಾಗುತ್ತದೆ.

ಮೂಲ ಅಂಚನ್ನು ಕತ್ತರಿಸುವುದಕ್ಕಿಂತ ಎಳೆ ಹಿಡಿದು ಹರಿಯಿರಿ. ಹರಿದ ಅಂಚು ನೂಲಿನ ನೇರಕ್ಕೇ ಇರುತ್ತದೆ. ಓರೆಯಾಗಿ ಕತ್ತರಿಸಿದ ತುಂಡು ಕೈಯಲ್ಲಿ ಹಿಡಿದಾಗ ಏಳೇ ಅಂಗುಲವಿದ್ದು, ಇಸ್ತ್ರಿ ಬಿದ್ದಾಗ ಏಳೂ ಕಾಲು ಆಗುತ್ತದೆ.

ಹೊಲಿಗೆ ಯಂತ್ರದ್ದಾದರೆ ಅಂಗುಲಕ್ಕೆ ಹತ್ತು ಟಾಕಿ. ಸೂಜಿಯಿಂದ ಬಲಕ್ಕೆ ಸರಿಯಾಗಿ ಅರ್ಧ ಅಂಗುಲ ಅಳೆದು ಯಂತ್ರದ ತಟ್ಟೆಯ ಮೇಲೆ ಬಣ್ಣದ ಟೇಪ್ ಅಂಟಿಸಿ, ಬಟ್ಟೆಯ ಅಂಚು ಅದಕ್ಕೆ ತಾಗಿಕೊಂಡೇ ಹೋಗಲಿ. ‘ಪಾದದ ಅಂಚಿಗೆ ಹಿಡಿದರೆ ಸಾಕು’ ಎನ್ನುವುದು ಗುಂಪಿನಲ್ಲಿ ನಡೆಯುವುದಿಲ್ಲ, ಒಂದೊಂದು ಯಂತ್ರದ ಪಾದ ಒಂದೊಂದು ಅಗಲ. ಬಡಗಿಗಳ ಲೆಕ್ಕದಲ್ಲಿ ಒಂದು ನೂಲು, ಅಂದರೆ ಅಂಗುಲದ ಎಂಟನೇ ಒಂದು ಪಾಲು ತಪ್ಪಿದರೆ ಏನಾಗುತ್ತದೆ ನೋಡಿ: ಒಂದು ಹೊಲಿಗೆಯಲ್ಲಿ ಎರಡು ಕಡೆಯ ಬಟ್ಟೆ ಸೇರಿ ಕಾಲು ಅಂಗುಲ ಹೋಯಿತು. ಕೌದಿಯ ಅಡ್ಡ ಸಾಲಿನಲ್ಲಿ ಹತ್ತು ತುಂಡು, ಒಂಬತ್ತು ಹೊಲಿಗೆ. ಸಾಲು ಎರಡೂ ಕಾಲು ಅಂಗುಲ ಗಿಡ್ಡ! ಪಕ್ಕದ ಸಾಲು ಸರಿಯಾಗಿದ್ದರೆ ಎರಡನ್ನೂ ಸೇರಿಸುವುದು ಯಾರ ಕೈಲೂ ಆಗದು.

ಹಾಗಾಗಿ ಆರು ಚೌಕವನ್ನೂ ಹೊಲಿದು ತರುವ ಮುಂಚೆ, ಮೊದಲನೆಯದನ್ನು ಮಾತ್ರ ಹೊಲಿದು ಎಲ್ಲರೂ ಒಮ್ಮೆ ಸೇರಿ. ಇಸ್ತ್ರಿ ಮಾಡಿ ಅಳೆಯಿರಿ, 13 ಬರಬೇಕು. ಒಂದು ನೂಲಿನಷ್ಟು ಕಡಿಮೆಯಿದ್ದರೆ ಬಿಡಬಹುದು, ಕಾಲು ಅಂಗುಲವಾದರೆ ಬಿಚ್ಚಿ ಹೊಲಿಯಬೇಕು. ದೊಡ್ಡದಾಗಿದ್ದರೆ ನಡುವಿನ ಕೂಡುಗೆರೆಯಿಂದ ನಾಲ್ಕೂ ಕಡೆ ಆರೂವರೆ ಅಳೆದು ಮಿಕ್ಕದ್ದು ಕತ್ತರಿಸಿ. ಒಂದೇ ಕಡೆಯಿಂದ ಕತ್ತರಿಸಿದರೆ ನಡುಗೆರೆ ಸರಿದು ಇಡೀ ಕೌದಿಯಲ್ಲಿ ಅದೊಂದು ಚೌಕ ಎದ್ದು ಕಾಣುತ್ತದೆ.

ಜೋಡಣೆ

ಮೂವತ್ತೈದನ್ನೂ ನೆಲಕ್ಕೆ ಹರಡಿ, ಕುರ್ಚಿ ಹತ್ತಿ ನೋಡಿ. ಫೋನಿನಲ್ಲಿ ಕಪ್ಪುಬಿಳುಪು ಫೋಟೊ ತೆಗೆದರೆ ಗಾಢ ಬಣ್ಣ ಎಲ್ಲಿ ಗುಂಪಾಗಿದೆಯೋ ತಕ್ಷಣ ತಿಳಿಯುತ್ತದೆ. ಒಬ್ಬರೇ ಹೊಲಿದ ಎರಡು ಚೌಕ ಅಕ್ಕಪಕ್ಕ ಬಾರದಿರಲಿ. ಕೈ ಕೈಗೂ ಇರುವ ವ್ಯತ್ಯಾಸ ಚದುರಿದಷ್ಟೂ ಒಳ್ಳೆಯದು. ಒಪ್ಪಿಗೆಯಾದ ಮೇಲೆ ಪ್ರತಿ ಚೌಕಕ್ಕೂ ಸಾಲು, ಸ್ಥಾನ ಬರೆದ ಚೀಟಿ ಪಿನ್ ಮಾಡಿ. ಗಾಳಿಗೆ ಹಾರಿದರೆ ಮತ್ತೆ ಒಂದು ಗಂಟೆ ಚರ್ಚೆ.

ಅಡ್ಡ ಸಾಲುಗಳನ್ನು ಮೊದಲು ಹೊಲಿದು ಮುಗಿಸಿ. ಮೊದಲ ಸಾಲಿನ ಮಾರ್ಜಿನ್‌ಗಳನ್ನು ಬಲಕ್ಕೆ, ಎರಡನೆಯದನ್ನು ಎಡಕ್ಕೆ ಮಡಚಿ ಇಸ್ತ್ರಿ ಮಾಡುತ್ತಾ ಹೋಗಿ. ಆಗ ಸಾಲು ಸೇರುವ ಕಡೆ ದಪ್ಪ ಎರಡು ಬದಿಗೆ ಹಂಚಿಹೋಗಿ, ಕೂಡುಮೂಲೆಗಳು ಒಂದಕ್ಕೊಂದು ಹಲ್ಲು ಕಚ್ಚಿದಂತೆ ಕೂರುತ್ತವೆ. ಹೊಲಿದ ಮೇಲ್ಪದರ 61 ಅಂಗುಲ ಅಗಲ, 85 ಅಂಗುಲ ಉದ್ದ ಬರಬೇಕು. ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ, ಎರಡೂ ಸುಮಾರು 104 ಮುಕ್ಕಾಲು ಅಂಗುಲದೊಳಗೆ ಬಂದು ಒಂದಕ್ಕೊಂದು ಸಮವಾಗಿರಬೇಕು. ಅರ್ಧ ಅಂಗುಲಕ್ಕಿಂತ ಹೆಚ್ಚು ಅಂತರವಿದ್ದರೆ ಎಲ್ಲೋ ಒಂದು ಸಾಲು ಓರೆಯಾಗಿದೆ. ಈಗ ಬಿಚ್ಚುವುದು ಬೇಜಾರು, ಮುಂದೆ ಬಿಚ್ಚಲು ಸಾಧ್ಯವೇ ಇಲ್ಲ.

ಪದರ ಹಾಸುವುದು

ಇದೇ ಕೌದಿಯ ಜೀವ. ನಾಲ್ಕು ಜನ, ಮೂರು ಗಂಟೆ, ಫ್ಯಾನ್ ಬಂದ್.

ಅಡಿಬಟ್ಟೆಗೂ ಒಳಪದರಕ್ಕೂ 64 ಅಂಗುಲ ಉದ್ದದ ತುಂಡುಗಳು ಬೇಕು. ಸೀರೆಯ ಪನ್ನ 45 ಇರುವುದರಿಂದ ಅಂಥ ಎರಡನ್ನು ಅಡ್ಡಡ್ಡ ಹಾಸಿದರೆ ಕೌದಿಯ ಉದ್ದ ಮುಚ್ಚುತ್ತದೆ. ಅಡಿಬಟ್ಟೆಗೆ ಒಂದೇ ಸೀರೆಯ ಎರಡು ತುಂಡುಗಳನ್ನು ಅರ್ಧ ಅಂಗುಲ ಮಾರ್ಜಿನ್‌ನಲ್ಲಿ ಹೊಲಿದು, ಇಸ್ತ್ರಿ ಮಾಡಿ, ಒಳಮಗ್ಗುಲು ಮೇಲೆ ಬರುವಂತೆ ಹಾಸಿ. ನೆಲಕ್ಕೆ ಟೇಪ್ ಅಂಟಿಸಿ. ಬಿಗಿಯಾಗಿರಲಿ, ಜಗ್ಗಿರಬಾರದು. ಜಗ್ಗಿ ಅಂಟಿಸಿದ ಬಟ್ಟೆ ಟೇಪ್ ಕಿತ್ತ ಕೂಡಲೇ ಒಳಕ್ಕೆ ಸೇದಿಕೊಂಡು ಹಿಂಬದಿಯೆಲ್ಲ ನೆರಿಗೆಯಾಗುತ್ತದೆ. ನೆಲಕ್ಕೆ ಟೈಲ್ಸ್ ಇದ್ದರೆ ಅದರ ಗೆರೆಗೇ ಅಂಚು ಹೊಂದಿಸಿ.

ಒಳಪದರ ಮೂರು. ಮೊದಲನೆಯದು ಎರಡು ತುಂಡು, ಕೂಡುವುದು ನಟ್ಟನಡುವೆ. ಎರಡನೆಯದಕ್ಕೆ ಒಂದು ತುಂಡನ್ನು ಉದ್ದುದ್ದ ಸೀಳಿ, ಇಡೀ ತುಂಡನ್ನು ನಡುವೆಯೂ ಸೀಳಿದ್ದನ್ನು ಆಚೆಈಚೆಯೂ ಇಡಿ. ಇಟ್ಟಿಗೆ ಗೋಡೆಯಲ್ಲಿ ಸಂದು ತಪ್ಪಿಸಿದ ಹಾಗೆ. ಮೂರನೆಯದು ಮತ್ತೆ ಮೊದಲಿನಂತೆ. ಅಂಚುಗಳು ಅರ್ಧ ಅಂಗುಲ ಮಾತ್ರ ಒಂದರ ಮೇಲೊಂದು ಕೂರಲಿ. ದಪ್ಪ ದಡಿಯ ಸೀರೆ ಒಳಪದರಕ್ಕೆ ಬೇಡ. ಮಲಗಿದವರ ಬೆನ್ನಿಗೆ ಹಗ್ಗದಂತೆ ಒತ್ತುತ್ತದೆ, ಸೂಜಿಯೂ ಅಲ್ಲೇ ಮುರಿಯುತ್ತದೆ. ಇನ್ನೂ ಬೆಚ್ಚಗಾಗಲಿ ಎಂದು ಐದಾರು ಪದರ ಹಾಕಿಸುವವರಿದ್ದಾರೆ. ಹೊಲಿಯುವವರ ಬೆರಳನ್ನು ಕೇಳಿ ಹಾಕಿಸಲಿ.

ಮೇಲ್ಪದರ ನಡುವಿಟ್ಟು, ಅಂಗೈಯಿಂದ ಮಧ್ಯದಿಂದ ಹೊರಕ್ಕೆ ಸವರಿ, ಬಿಳಿ ದಾರದಲ್ಲಿ, ಆಮೇಲೆ ಕೀಳುವಂಥ ಉದ್ದುದ್ದ ಟಾಕಾ ಹಾಕಿ. ನಡುವಿನಿಂದ ನಾಲ್ಕು ದಿಕ್ಕಿಗೆ, ಆರು ಅಂಗುಲಕ್ಕೊಂದು ಗೆರೆ. ಬಣ್ಣದ ದಾರ ಬೇಡ, ಕಿತ್ತ ಮೇಲೂ ಕೆಲವು ಬಣ್ಣದ ಎಳೆ ಒಳಗೆ ಉಳಿಯುತ್ತವೆ.

ಓಡುಹೊಲಿಗೆ

ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಕೌದಿಯನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ಅದನ್ನು ನೋಡಿದವರು ಇಲ್ಲೂ ಹಾಗೇ ಮಾಡೋಣ ಎನ್ನುತ್ತಾರೆ. ಅವರು ತುಂಡುಗಳನ್ನು ಮೊದಲೇ ಜೋಡಿಸಿರುವುದಿಲ್ಲ. ಹೊಲಿಯುತ್ತಾ ಹೊಲಿಯುತ್ತಾ ಒಂದೊಂದೇ ಇಟ್ಟುಕೊಂಡು ಬರುವುದರಿಂದ, ಹೆಚ್ಚಾದ ಬಟ್ಟೆಯನ್ನು ಅಲ್ಲಲ್ಲೇ ಮಡಚಿ ಸರಿಮಾಡಬಹುದು. ನಮ್ಮದು ಮೊದಲೇ ಹೊಲಿದು ಬಂದ ಮೇಲ್ಪದರ. ಅಂಚಿನಿಂದ ಬಂದರೆ ಸಡಿಲವೆಲ್ಲ ನಡುವಿಗೆ ತಳ್ಳಿಕೊಂಡು ಬಂದು ಅಲ್ಲಿ ಉಬ್ಬಾಗಿ ನಿಲ್ಲುತ್ತದೆ. ಆದ್ದರಿಂದ ಇಲ್ಲಿ ನಡುವಿನಿಂದ ಹೊರಕ್ಕೆ.

ಪದರಗಳನ್ನೆಲ್ಲ ಸೇರಿಸಿ ಹಿಡಿಯುವ ಈ ಹೊಲಿಗೆಯ ಅಡ್ಡ ಗೆರೆಗಳ ನಡುವೆ ಮುಕ್ಕಾಲು ಅಂಗುಲ. ಬೆರಳಗಲ ಎಂದು ಹೇಳಿಬಿಟ್ಟರೆ ಏಳು ಬೆರಳು ಏಳು ಅಗಲ, ರಟ್ಟಿನ ಪಟ್ಟಿ ಇಟ್ಟು ಗುರುತು ಮಾಡಿ. 84 ಅಂಗುಲ ಉದ್ದಕ್ಕೆ 112 ಗೆರೆ. ಒಂಟಿ ಎಳೆಯ ದಪ್ಪ ಹತ್ತಿ ದಾರ ಸುಮಾರು 200 ಮೀಟರ್ ಹಿಡಿಯುತ್ತದೆ, ಜೋಡಿ ಎಳೆಯಾದರೆ 400. ಒಂದೇ ಸಲ ಒಂದೇ ಅಂಗಡಿಯಲ್ಲಿ ಕೊಳ್ಳಿ, ಮತ್ತೆ ತಂದಾಗ ಅದೇ ಬಿಳಿ ಸಿಗುವುದಿಲ್ಲ. ದಾರಕ್ಕೆ ಮೇಣ ಸವರಿ, ಎರಡು ಮೊಳಕ್ಕಿಂತ ಉದ್ದ ತೆಗೆಯಬೇಡಿ. ದಬ್ಬಣ ಬೇಡ, ಐದು ಪದರ ದಾಟುವ ಉದ್ದನೆಯ ಸೂಜಿ ಸಾಕು. ದಬ್ಬಣ ಮಾಡಿದ ತೂತು ಹಳೆ ಬಟ್ಟೆಯಲ್ಲಿ ಮುಚ್ಚುವುದೇ ಇಲ್ಲ. ಅಂಗುಲಕ್ಕೆ ಮೂರು ಟಾಕಿ, ಹಿಂದೆ ಮುಂದೆ ಸಮ. ಕೂಡುಮೂಲೆಯ ದಪ್ಪಕ್ಕೆ ಬಂದಾಗ ಸೂಜಿಯನ್ನು ನೆಟ್ಟಗೆ ಕೆಳಗಿಳಿಸಿ, ಮತ್ತೆ ನೆಟ್ಟಗೆ ಮೇಲೆ ತೆಗೆಯಿರಿ, ಒಂದೊಂದೇ ಟಾಕಿ. ಗಂಟನ್ನು ಚಿಟಿಕೆ ಎಳೆತದಿಂದ ಪದರದೊಳಗೆ ಮುಳುಗಿಸಿ, ಹೊರಗೆ ಉಳಿದ ಗಂಟು ಒಗೆಯುವ ಕಲ್ಲಿಗೆ ಮೊದಲು ಹೋಗುವುದು.

ಎಳೆತವೇ ದೊಡ್ಡ ತಲೆನೋವು. ಬಿಗಿಗೈಯವರು ಹೊಲಿದಲ್ಲಿ ಕೌದಿ ಸೊರಗುತ್ತದೆ, ಸಡಿಲಗೈಯವರು ಹೊಲಿದಲ್ಲಿ ಟಾಕಿ ಬೆರಳಿಗೆ ಸಿಕ್ಕುತ್ತದೆ. ಇದಕ್ಕೆ ಉಪದೇಶ ಕೆಲಸ ಮಾಡುವುದಿಲ್ಲ, ಜಾಗ ಹಂಚುವ ಕ್ರಮ ಕೆಲಸ ಮಾಡುತ್ತದೆ. ನಡುಗೆರೆಯಿಂದ ಆಚೆ ಇಬ್ಬರು, ಈಚೆ ಇಬ್ಬರು. ಆ ಇಬ್ಬರಲ್ಲಿ ಒಬ್ಬರು ಬೆಸ ಗೆರೆ, ಇನ್ನೊಬ್ಬರು ಸಮ ಗೆರೆ. ಬಿಗಿಯೂ ಸಡಿಲವೂ ಒಂದಾದ ಮೇಲೊಂದು ಬಂದು ಒಟ್ಟಿನಲ್ಲಿ ಸಮವಾಗಿ ಕಾಣುತ್ತದೆ. ಒಬ್ಬೊಬ್ಬರಿಗೆ 28 ಗೆರೆ, ಗೆರೆಗೆ ಕಾಲು ಗಂಟೆಯಾದರೆ ಏಳು ಗಂಟೆ. ಐದು ಗೆರೆಗೊಮ್ಮೆ ಕೌದಿ ತಿರುವಿ ಹಿಂಬದಿ ನೋಡಿ. ಅಡಿಬಟ್ಟೆ ಮಡಚಿ ಹೊಲಿಗೆಗೆ ಸಿಕ್ಕಿದ್ದರೆ ಆಗಲೇ ಬಿಚ್ಚಬಹುದು.

ಅಂಚು, ಮೂಲೆ

ಹೊಲಿಗೆ ತುಂಬಿದ ಮೇಲೆ ಕೌದಿ ಒಂದೆರಡು ಅಂಗುಲ ಕುಗ್ಗಿರುತ್ತದೆ. ಹೆಚ್ಚಿನ ಅಂಚುಗಳನ್ನು ಈಗ ಕತ್ತರಿಸಿ, ಮುಂಚೆ ಅಲ್ಲ. ಸುತ್ತಳತೆ 24 ಅಡಿ. ಎರಡೂವರೆ ಅಂಗುಲ ಅಗಲದ, 64 ಅಂಗುಲ ಉದ್ದದ ಐದು ಪಟ್ಟಿಗಳನ್ನು ಓರೆಯಾಗಿ ಜೋಡಿಸಿದರೆ ಸಾಲುತ್ತದೆ. ನೇರ ಜೋಡಿಸಿದರೆ ಜೋಡಣೆಯಿದ್ದಲ್ಲೆಲ್ಲ ಗಂಟು. ಮುಂಬದಿಗೆ ಅರ್ಧ ಅಂಗುಲ ಬಿಟ್ಟು ಹೊಲಿದು, ಮೂಲೆಗೆ ಅರ್ಧ ಅಂಗುಲ ಮುಂಚೆ ನಿಲ್ಲಿಸಿ, ಪಟ್ಟಿಯನ್ನು ಮೇಲಕ್ಕೆ ಮಡಚಿ ಮತ್ತೆ ಕೆಳಕ್ಕೆ ತಂದು ಮುಂದುವರಿಸಿ. ನಿಲ್ಲಿಸದೆ ತಿರುಗಿಸಿದರೆ ಮೂಲೆ ದೋಸೆಯ ಹಾಗೆ ದುಂಡಗಾಗುತ್ತದೆ. ಅಂಚು ಅಲೆಯಲೆಯಾಗಿ ನಿಂತರೆ ಹೊಲಿಯುವಾಗ ಕೌದಿಯ ಅಂಚು ಜಗ್ಗಿದೆ ಎಂದರ್ಥ. ಪ್ರತಿ ಬದಿಯ ಅಳತೆಯಷ್ಟೇ ಪಟ್ಟಿಗೆ ಗುರುತು ಮಾಡಿಕೊಂಡು ಪಿನ್ ಹಾಕಿ ಹೊಲಿಯಿರಿ. ಹಿಂಬದಿಗೆ ಮಡಚಿ ಕೈಹೊಲಿಗೆ.

ಸಿದ್ದಿಯರ ಕೌದಿಯ ನಾಲ್ಕು ಮೂಲೆಯಲ್ಲಿ ಬಣ್ಣದ ತ್ರಿಕೋನಗಳ ಹೂ ಇರುತ್ತದೆ. ಹೂವಿಲ್ಲದ ಕೌದಿ ಬತ್ತಲೆ ಎನ್ನುತ್ತಾರೆ ಅವರು. ಬೇಕೆನಿಸಿದರೆ 3 ಅಂಗುಲದ ಚೌಕವನ್ನು ಓರೆಗೆ ಎರಡು ಸಲ ಮಡಚಿ ಅಂಚುಪಟ್ಟಿಗೆ ಮುಂಚೆ ಮೂಲೆಗೆ ಸೇರಿಸಿ.

ಒಗೆತ, ತೋರಿಸುವುದು, ಪುಸ್ತಕ

ಕೊಡುವ ಮುಂಚೆ ಒಮ್ಮೆ ಒಗೆಯಿರಿ. ಚಿತ್ರದುರ್ಗದ ಕಡೆ ಬೋರಿನ ಗಡಸು ನೀರಿನಲ್ಲಿ ಸೋಪು ನೊರೆ ಬಾರದೆ ಬಿಳಿ ಪುಡಿಯಾಗಿ ಕೌದಿಯಲ್ಲೇ ಕೂರುತ್ತದೆ. ಮಳೆನೀರೋ ನಲ್ಲಿನೀರೋ ಸಿಕ್ಕಿದ ದಿನ ನೋಡಿ. ಬಂಡೆಗೆ ಬಡಿಯದೆ ತುಳಿದು ಒಗೆಯಿರಿ, ಹಿಂಡದೆ ಮಡಚಿ ಒತ್ತಿ ನೀರಿಳಿಸಿ. ಎರಡು ಹಗ್ಗದ ಮೇಲೆ ಹರಡಬೇಕು. ಒಂದೇ ಹಗ್ಗಕ್ಕೆ ಹಾಕಿದರೆ ಒದ್ದೆಯ ಭಾರ ಒಂದೇ ಸಾಲಿನ ಟಾಕಿಗಳ ಮೇಲೆ ಬಿದ್ದು ದಾರ ತುಂಡಾಗುತ್ತದೆ. ಹಿಂಬದಿ ಹೊರಗಿರಲಿ, ಇಲ್ಲಿನ ಬಿಸಿಲು ಬಣ್ಣ ತಿನ್ನುತ್ತದೆ.

ಸದಸ್ಯರು ಮನೆಯಲ್ಲಿ ಮುಗಿಸಿದ ಕೆಲಸ ತಂದು ತೋರಿಸುವಾಗ ಮೊದಲು ಹಿಂಬದಿ ನೋಡುವ ರೂಢಿ ಮಾಡಿಕೊಳ್ಳಿ. ಮುಂದೆ ಬಣ್ಣ ಮಾತಾಡುತ್ತದೆ, ಹಿಂದೆ ಕೈ. ಆಮೇಲೆ ಕೂಡುಮೂಲೆಗಳು, ಆಮೇಲೆ ನಾಲ್ಕು ಮೂಲೆ. ಫೋಟೊಗೆ ಬೆಳಗಿನ ನೆರಳಿನ ಬೆಳಕು ಒಳ್ಳೆಯದು, ಬೆಳಕು ಒಂದು ಪಕ್ಕದಿಂದ ಬಿದ್ದರೆ ಟಾಕಿಯ ಉಬ್ಬುತಗ್ಗು ಕಾಣುತ್ತದೆ.

ನೋಟ್‌ಬುಕ್ಕಿನಲ್ಲಿ ಕೌದಿಗೊಂದು ಪುಟ: ಯಾರ ಸೀರೆ, ಎಷ್ಟು ತುಂಡು, ಯಾರು ಎಷ್ಟು ಗಂಟೆ, ದಾರದ ಖರ್ಚು, ಕೌದಿ ಯಾರಿಗೆ ಹೋಯಿತು. ಗಂಟೆಯ ಲೆಕ್ಕ ಮುಯ್ಯಿಗೂ ಬೇಕು, ಮಾರುವುದಾದರೆ ಇನ್ನೂ ಬೇಕು. ಚೌಕಕ್ಕೆ ಅರ್ಧ ಗಂಟೆಯಂತೆ ಹದಿನೇಳೂವರೆ, ಜೋಡಣೆ 5, ಹಾಸುವುದು 12, ಓಡುಹೊಲಿಗೆ 28, ಅಂಚು 4. ಒಟ್ಟು ಅರವತ್ತಾರೂವರೆ ಗಂಟೆ. ಯಾರಾದರೂ 1,500 ರೂಪಾಯಿಗೆ ಕೇಳಿದರೆ ಗಂಟೆಗೆ 22 ರೂಪಾಯಿ ಚಿಲ್ಲರೆ ಬಿತ್ತು. ಆ ಪುಟ ತೆರೆದು ತೋರಿಸಿ ಬೆಲೆ ಹೇಳಿ.

ಮಿಕ್ಕ ಏಳು ಚೌಕಗಳಲ್ಲಿ ಆರನ್ನು ಎರಡರಂತೆ ಮೂರು ಸಾಲು ಹೊಲಿದರೆ 24ಕ್ಕೆ 36 ಅಂಗುಲದ ಕೂಸಿನ ಕೌದಿ. ಒಳಪದರ ಎರಡೇ ಸಾಕು. ಗುಂಡಿ, ಮಣಿ, ಜರಿ ಏನೂ ಬೇಡ. ಏಳನೆಯ ಚೌಕವನ್ನು, ಮಿಕ್ಕ ದಾರ ಸುತ್ತಿ, ದೊಡ್ಡ ಕೌದಿಯ ಜೊತೆಗೇ ಕೊಟ್ಟುಬಿಡಿ. ಮೂರು ವರ್ಷಕ್ಕೆ ಎಲ್ಲೋ ಒಂದು ತುಂಡು ಹರಿದಾಗ ತೇಪೆಗೆ ಅದೇ ಬಟ್ಟೆ, ಅದೇ ದಾರ ಮನೆಯಲ್ಲೇ ಇರುತ್ತದೆ.